ಕಸದ ಬುಟ್ಟಿಗೆ ಬಿದ್ದ ಎರಡು ಲೋಟ: ಒಂದು ಸಿನಿಮಾ ಕೂಟದ ಪ್ರಕರಣ

ಇದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಆರು ತಿಂಗಳು ನಡೆದ ಸಂಗತಿ. ಜನಾಂಗದ ತಾರತಮ್ಯದ ಬಗ್ಗೆ ಸಿನಿಮಾ ತೋರಿಸಲು ಹೊರಟೆವು. ಅದೇ ಹೊತ್ತಿನಲ್ಲಿ ನಮ್ಮ ಕಟ್ಟಡದೊಳಗೇ ಅಂಥದ್ದೊಂದು ನಡೆಯಿತು. ಸಿನಿಮಾ ಎಲ್ಲಿ ಕೆಲಸ ಮಾಡಿತು, ಎಲ್ಲಿ ಮಾಡಲಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಶಾಲೆ, ಕಾಲೇಜು, ಬಡಾವಣೆಗಳಲ್ಲಿ ಇಂಥ ಕೂಟ ನಡೆಸುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ.

ಕೂಟ

ನಮ್ಮದು ನೂರರ ಆಸುಪಾಸು ಮನೆಗಳಿರುವ ಕಟ್ಟಡ. ಕೆಳಗೆ ಒಂದು ಹಾಲ್ ಇದೆ. ತಿಂಗಳ ಕೊನೆಯ ಶನಿವಾರ ಸಂಜೆ ಅಲ್ಲಿ ಪರದೆ ಕಟ್ಟಿ ಸಿನಿಮಾ ಹಾಕುತ್ತೇವೆ. ಮೂವತ್ತು ಮೂವತ್ತೈದು ಜನ ಬರುತ್ತಾರೆ. ಅರ್ಧಕ್ಕರ್ಧ ವಯಸ್ಸಾದವರು. ಇಂಗ್ಲಿಷ್ ಸಿನಿಮಾ ಅಂದರೆ ಅವರಿಗೆ ಮಾತು ಹತ್ತುವುದಿಲ್ಲ. ಹಾಗಾಗಿ ಮೊದಲೇ ಕಥೆ ಹೇಳಿ, ಮುಖ್ಯವಾದ ಮಾತುಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚುವ ಕೆಲಸ ನನ್ನದು. ಸಿನಿಮಾ ಮುಗಿದ ಮೇಲೆ ಕಾಫಿ, ಆಮೇಲೆ ಒಂದು ಗಂಟೆ ಮಾತು. ಕಾಫಿ ಮಾಡಿಕೊಡುವವರು ಕಟ್ಟಡದ ಹೌಸ್‌ಕೀಪಿಂಗ್ ಕೆಲಸದ ಒಬ್ಬ ಹೆಂಗಸು.

ಪ್ರೊಜೆಕ್ಟರ್ ತರುವವರು, ವೈರು ಎಳೆಯುವವರು, ಕುರ್ಚಿ ಜೋಡಿಸುವವರು ಒಬ್ಬರೇ. ನಿವೃತ್ತ ಬ್ಯಾಂಕ್ ಉದ್ಯೋಗಿ. ಈ ಬರಹದಲ್ಲಿ ಅವರನ್ನು ‘ಬ್ಯಾಂಕಿನ ಸರ್’ ಅಂತಲೇ ಕರೆಯುತ್ತೇನೆ. ಅವರಿಲ್ಲದೆ ಈ ಕೂಟ ಎರಡು ತಿಂಗಳೂ ನಡೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರ ಬಗ್ಗೆ ಬೇರೆ ಮಾತೂ ಬರುತ್ತದೆ.

ಮೊದಲ ತಿಂಗಳು ‘ಗ್ರೀನ್ ಬುಕ್’ ಹಾಕಿದೆವು. 2018ರ ಸಿನಿಮಾ, ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು. ಕಥೆ 1962ರದ್ದು. ಡಾನ್ ಶರ್ಲಿ ಅನ್ನುವ ಕಪ್ಪು ಪಿಯಾನೋ ಕಲಾವಿದರು ಅಮೆರಿಕದ ದಕ್ಷಿಣದ ಊರುಗಳಿಗೆ ಕಛೇರಿಗೆ ಹೊರಡುತ್ತಾರೆ. ಕಾರು ಓಡಿಸಲು ಟೋನಿ ಅನ್ನುವ ಇಟಲಿ ಮೂಲದ ಬಿಳಿಯ ಸಿಗುತ್ತಾನೆ. ವೇದಿಕೆ ಮೇಲೆ ಚಪ್ಪಾಳೆ ತಟ್ಟಿದವರೇ ಆಮೇಲೆ ಕಲಾವಿದರಿಗೆ ತಮ್ಮ ಊಟದ ಹಾಲಿನೊಳಗೆ ಜಾಗ ಕೊಡುವುದಿಲ್ಲ. ಸಿನಿಮಾದ ಹೆಸರು ಒಂದು ನಿಜವಾದ ಪುಸ್ತಕದಿಂದ ಬಂದದ್ದು. ಕಪ್ಪು ಪ್ರಯಾಣಿಕರು ಯಾವ ಊರಿನಲ್ಲಿ ಎಲ್ಲಿ ಉಳಿಯಬಹುದು, ಎಲ್ಲಿ ಉಣ್ಣಬಹುದು ಅಂತ ಹೇಳುವ ಕೈಪಿಡಿ ಅದು. ವಿಕ್ಟರ್ ಗ್ರೀನ್ ಅನ್ನುವ ಅಂಚೆ ನೌಕರ ನ್ಯೂಯಾರ್ಕಿನಲ್ಲಿ 1936ರಲ್ಲಿ ಅದನ್ನು ಶುರುಮಾಡಿದ್ದ.

ಸಿನಿಮಾ ಮುಗಿದಾಗ ಹಾಲಿನಲ್ಲಿ ಎಷ್ಟೋ ಜನರ ಕಣ್ಣು ಒದ್ದೆ. ‘ಎಂಥಾ ಜನ ಅಲ್ವಾ ಈ ಅಮೆರಿಕದವರು’ ಅಂತ ಮಾತು. ಎರಡನೆಯ ತಿಂಗಳು ‘ಹಿಡನ್ ಫಿಗರ್ಸ್’. ನಾಸಾದಲ್ಲಿ ಲೆಕ್ಕ ಮಾಡುತ್ತಿದ್ದ ಕಪ್ಪು ಹೆಂಗಸರ ಕಥೆ. ಬಣ್ಣದವರಿಗೆ ಅಂತ ಶೌಚಾಲಯದ ಮೇಲೆ ಹಾಕಿದ್ದ ಬೋರ್ಡನ್ನು ಬಿಳಿಯ ಅಧಿಕಾರಿ ಹಾರೆಯಲ್ಲಿ ಹೊಡೆದು ಬೀಳಿಸುವ ಸೀನು ಬಂದಾಗ ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಬ್ಯಾಂಕಿನ ಸರ್. ನಾನೂ ತಟ್ಟಿದೆ. ಮನಸ್ಸಿಗೆ ತುಂಬಾ ಸಮಾಧಾನ ಆಗಿತ್ತು.

ಗ್ರೂಪಿಗೆ ಬಂದ ಮೆಸೇಜು

ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ ಮಧ್ಯಾಹ್ನ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. ಮೇಲಿನ ಒಂದು ಮಹಡಿಯಿಂದ ತಡೆಯೋಕಾಗದ ವಾಸನೆ ಬರುತ್ತಿದೆ, ಇಲ್ಲಿ ಸಂಸಾರಸ್ಥರು ಇದ್ದಾರೆ, ಅಸೋಸಿಯೇಷನ್ ಏನು ಮಾಡುತ್ತಿದೆ ಅಂತ. ಬರೆದವರು ಬ್ಯಾಂಕಿನ ಸರ್.

ಆ ಮನೆಯಲ್ಲಿ ಇಬ್ಬರು ಹುಡುಗಿಯರು ಬಾಡಿಗೆಗೆ ಇದ್ದರು. ಇಬ್ಬರೂ ಈಶಾನ್ಯದ ಒಂದು ರಾಜ್ಯದವರು. ಒಬ್ಬಳು ಆಸ್ಪತ್ರೆಯಲ್ಲಿ ನರ್ಸ್, ಇನ್ನೊಬ್ಬಳು ಓದುತ್ತಿದ್ದಳು. ವಾರಕ್ಕೊಮ್ಮೆ ರಜೆ ಸಿಕ್ಕಾಗ ಊರಿನಿಂದ ಬಂದ ಹುದುಗಿಸಿದ ಮೀನು ಹಾಕಿ ಸಾರು ಮಾಡಿಕೊಳ್ಳುತ್ತಿದ್ದರು. ಸಂಜೆಯೊಳಗೆ ಮೂವತ್ತಕ್ಕೂ ಜಾಸ್ತಿ ಉತ್ತರ ಬಂದವು. ‘ಇವರಿಗೆ ಮನೆ ಕೊಟ್ಟವರು ಯಾರು?’ ‘ರಾತ್ರಿ ಎಷ್ಟು ಹೊತ್ತಿಗೆ ಬರ್ತಾರೆ ನೋಡಿದ್ದೀರಾ?’ ರಾತ್ರಿ ಪಾಳಿ ಮುಗಿಸಿ ಬರುವ ನರ್ಸು ಇನ್ನು ಯಾವ ಹೊತ್ತಿಗೆ ಬರಬೇಕು? ಒಬ್ಬರು ‘ಆ ಚಿಂಕಿ ಹುಡುಗೀರು’ ಅಂತಲೇ ಬರೆದರು. ಈಶಾನ್ಯದವರ ಮುಖ ಹಂಗಿಸುವ ಬೈಗುಳ ಅದು. ಯಾರೂ ಬೇಡ ಅನ್ನಲಿಲ್ಲ. ವಾರದೊಳಗೆ ಅಸೋಸಿಯೇಷನ್ ಒಂದು ಹೊಸ ನಿಯಮದ ಕರಡು ಮಾಡಿತು. ಹೊರರಾಜ್ಯದ ಬಾಡಿಗೆದಾರರಿಗೆ ಮನೆ ಕೊಡುವ ಮುಂಚೆ ಕಮಿಟಿಯ ಒಪ್ಪಿಗೆ ಬೇಕು, ‘ಅಸಹ್ಯ ವಾಸನೆ’ಯ ಅಡುಗೆ ಮಾಡುವಂತಿಲ್ಲ ಅಂತ.

ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಕರಾವಳಿಯ ಒಂದು ಸಂಸಾರ ಇದೆ. ಮಳೆಗಾಲದಲ್ಲಿ ಅವರ ಮನೆಯಲ್ಲಿ ಒಣಮೀನು ಹುರಿದರೆ ಮೆಟ್ಟಿಲು ಪೂರ್ತಿ ಘಮಘಮ. ‘ಏನಮ್ಮಾ, ಇವತ್ತು ಸೀಗಡಿ ಚಟ್ನಿಯಾ?’ ಅಂತ ಎಲ್ಲರೂ ಕೇಳುತ್ತಾರೆ, ನಗುತ್ತಾರೆ, ಮುಂದೆ ಹೋಗುತ್ತಾರೆ. ಇದು ಮೂಗಿನ ಸಮಸ್ಯೆ ಆಗಿದ್ದರೆ ಆ ಮನೆಗೂ ಮೆಸೇಜು ಬರಬೇಕಿತ್ತು.

ಎರಡು ತಿಂಗಳು ಕಣ್ಣೀರು ಹಾಕಿದ ಜನ ಇವರೇ ಅಂತ ನನಗೆ ನಂಬಲು ಆಗಲಿಲ್ಲ. ಆದರೆ ಅವರ ಕಣ್ಣೀರು ಸುಳ್ಳಲ್ಲ. ಬ್ಯಾಂಕಿನ ಸರ್ ಕಣ್ಣು ಒರೆಸಿಕೊಂಡದ್ದನ್ನು ಪಕ್ಕದಲ್ಲೇ ಕೂತು ನೋಡಿದವಳು ನಾನು. ಎರಡೂ ನಿಜ. ಒಬ್ಬರೇ ಮನುಷ್ಯರಲ್ಲಿ ಎರಡೂ ಹೇಗೆ ಜಗಳವಿಲ್ಲದೆ ಇರುತ್ತವೆ ಅನ್ನುವುದೇ ನನ್ನ ಪ್ರಶ್ನೆ ಆಯಿತು.

ನನ್ನ ತಪ್ಪು

ಆ ಭಾನುವಾರ ನಾನು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಬರೆದರೆ ಜಗಳ ಆಗುತ್ತದೆ, ಕೂಟ ಒಡೆಯುತ್ತದೆ, ಅದರ ಬದಲು ಸಿನಿಮಾನೇ ಮಾತಾಡಲಿ ಅಂದುಕೊಂಡೆ. ಮೂರನೆಯ ತಿಂಗಳಿಗೆ ಗೊತ್ತು ಮಾಡಿದ್ದ ಸಿನಿಮಾ ಬಿಟ್ಟು ‘ಅಖುನಿ’ ಹಾಕಿದೆ. ನಿಕೋಲಸ್ ಖಾರ್ಕೊಂಗರ್ ನಿರ್ದೇಶಿಸಿದ್ದು, 2020ರಲ್ಲಿ ನೆಟ್‌ಫ್ಲಿಕ್ಸಿಗೆ ಬಂತು. ದಿಲ್ಲಿಯ ಹುಮಾಯೂನ್‌ಪುರದಲ್ಲಿ ಬಾಡಿಗೆಗಿರುವ ಈಶಾನ್ಯದ ಗೆಳೆಯರು ಒಂದು ಮದುವೆಗಾಗಿ ಹಂದಿ ಮಾಂಸದ ಅಡುಗೆ ಮಾಡಬೇಕು. ಅದಕ್ಕೆ ಅಖುನಿ, ಅಂದರೆ ನಾಗಾಲ್ಯಾಂಡಿನ ಹುದುಗಿಸಿದ ಸೋಯಾ ಕಾಳು, ಹಾಕಲೇಬೇಕು. ಅದರ ವಾಸನೆಗೆ ಓನರಮ್ಮ ಸಿಟ್ಟಾಗುತ್ತಾರೆ. ಒಲೆ ಹಚ್ಚಲು ಒಂದು ಜಾಗ ಹುಡುಕಿಕೊಂಡು ಇಡೀ ದಿನ ಅವರು ಅಲೆಯುತ್ತಾರೆ. ನಮ್ಮ ಕಟ್ಟಡಕ್ಕೇ ಅಳತೆ ತಗೊಂಡು ಹೊಲಿದ ಹಾಗಿತ್ತು ಕಥೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಆ ಇಬ್ಬರು ಹುಡುಗಿಯರ ಮನೆಗೆ ಹೋಗಿ ಕರೆದೆ. ಪಾಪ, ಬಂದರು. ಕೊನೆಯ ಸಾಲಿನಲ್ಲಿ ಕೂತರು.

ಹಾಲಿನಲ್ಲಿ ಜನ ನಕ್ಕರು. ಓನರಮ್ಮನ ಜೋರು ನೋಡಿ ನಕ್ಕರು, ಕುಕ್ಕರ್ ಹಿಡಿದು ಓಡುವವರನ್ನು ನೋಡಿಯೂ ನಕ್ಕರು. ಸಿನಿಮಾ ಹಾಸ್ಯದಲ್ಲೇ ಕಥೆ ಹೇಳುತ್ತದೆ, ನಗುವುದು ತಪ್ಪಲ್ಲ. ಆದರೆ ಬೀದಿಯಲ್ಲಿ ಒಬ್ಬ ಹುಡುಗಿಯ ಕೆನ್ನೆಗೆ ಏಟು ಬಿದ್ದಾಗಲೂ ಆ ನಗುವಿನ ಬಾಲ ಇನ್ನೂ ಇತ್ತು. ಕಾಫಿ ಆದಮೇಲೆ ಬ್ಯಾಂಕಿನ ಸರ್ ಹೇಳಿದರು, ‘ದಿಲ್ಲಿಯವರು ಹಾಗೇ ಮೇಡಂ. ನಮ್ಮ ಬೆಂಗಳೂರು ವಾಸಿ.’ ತುಂಬಾ ಜನ ತಲೆಯಾಡಿಸಿದರು. ಅಮೆರಿಕ ಆಯಿತು, ದಿಲ್ಲಿ ಆಯಿತು. ತಾರತಮ್ಯ ನಮ್ಮ ಗೇಟಿನವರೆಗೆ ಬರಲೇ ಇಲ್ಲ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಹಿಂದಕ್ಕೆ ತಿರುಗಿ, ‘ನಿಮ್ಮ ಅನುಭವ ಏನಾದರೂ ಹೇಳ್ತೀರಾ?’ ಅಂದೆ. ಎಲ್ಲರ ಕತ್ತೂ ತಿರುಗಿತು. ನರ್ಸ್ ಹುಡುಗಿ ಎದ್ದು ನಿಂತಳು. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಕಲಿತ ಕನ್ನಡದಲ್ಲಿ, ‘ಇಲ್ಲಿ ಎಲ್ಲರೂ ತುಂಬಾ ಒಳ್ಳೆಯವರು’ ಅಂದಳು. ಚಪ್ಪಾಳೆ ಬಿತ್ತು. ಆರು ತಿಂಗಳಲ್ಲಿ ನನ್ನ ಮನಸ್ಸನ್ನು ಅತಿ ಹೆಚ್ಚು ಚುಚ್ಚಿದ ಚಪ್ಪಾಳೆ ಅದು.

ಆಮೇಲೆ ಮೆಟ್ಟಿಲ ಹತ್ತಿರ ಅವಳ ಕ್ಷಮೆ ಕೇಳಿದೆ. ಅವಳು ಸಿಟ್ಟಾಗಲಿಲ್ಲ. ‘ಅಕ್ಕ, ನಾವು ಬಾಡಿಗೆ ಮನೆಯಲ್ಲಿದ್ದೀವಿ. ಇನ್ನೇನು ಹೇಳೋಕಾಗುತ್ತೆ?’ ಅಂದಳು. 2012ರ ಆಗಸ್ಟ್ ನೆನಪಿಸಿದಳು. ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅನ್ನುವ ಗಾಳಿಸುದ್ದಿ ಮೊಬೈಲಿನಲ್ಲಿ ಹರಡಿ, ಸಾವಿರಾರು ಜನ ಒಂದೆರಡು ದಿನದಲ್ಲಿ ಬೆಂಗಳೂರು ಬಿಟ್ಟಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಅವಳ ಚಿಕ್ಕಪ್ಪನ ಮಗ ಅಂಥದ್ದೊಂದು ರೈಲಿನಲ್ಲಿ ನಿಂತುಕೊಂಡೇ ಊರಿಗೆ ಬಂದಿದ್ದ. ‘ಬೆಂಗಳೂರಲ್ಲಿ ಯಾರ ಹತ್ತಿರವೂ ಜಗಳ ಬೇಡ ಅಂತ ಹೇಳಿಯೇ ಅಮ್ಮ ನನ್ನನ್ನ ಕಳಿಸಿದ್ದು.’

ಸಿನಿಮಾ ಬಗ್ಗೆಯೂ ಒಂದು ಮಾತು ಹೇಳಿದಳು. ‘ಅಖುನಿ’ಯಲ್ಲಿ ಈಶಾನ್ಯದ ಕಲಾವಿದರು ಇದ್ದಾರೆ, ಸರಿ. ಆದರೆ ಮುಖ್ಯ ಪಾತ್ರದ ನೇಪಾಳಿ ಹುಡುಗಿಯಾಗಿ ನಟಿಸಿದ್ದು ಕೋಲ್ಕತ್ತದ ಸಯಾನಿ ಗುಪ್ತಾ. 2014ರಲ್ಲಿ ಮಣಿಪುರದ ಬಾಕ್ಸರ್ ಮೇರಿ ಕೋಮ್ ಪಾತ್ರ ಮಾಡಿದ್ದು ಪ್ರಿಯಾಂಕಾ ಚೋಪ್ರಾ. ‘ನಮ್ಮ ಕಥೆ ಬೇಕು ಅಕ್ಕ, ನಮ್ಮ ಮುಖ ಬೇಡ.’ ತಾರತಮ್ಯದ ವಿರುದ್ಧ ಮಾಡಿದ ಸಿನಿಮಾದ ಒಳಗೇ ತಾರತಮ್ಯ ಕೂತಿರಬಹುದು ಅನ್ನುವುದು ಆವತ್ತು ನನಗೆ ಮೆಟ್ಟಿಲ ಮೇಲೆ ತಿಳಿಯಿತು.

ಎರಡು ನಿಮಿಷದ ಸೀನು

ಈ ಸೋಲಿನ ಮೇಲೆ ಎರಡು ತೀರ್ಮಾನ ತಗೊಂಡೆ. ಆ ಹುಡುಗಿಯರನ್ನು ಇನ್ನು ಸಾಕ್ಷಿಯಾಗಿ ಕರೆಯುವುದಿಲ್ಲ. ನೋವು ತಿಂದವರೇ ಬಂದು ಪಾಠ ಹೇಳಬೇಕು ಅಂತ ಕೇಳುವುದು ಇನ್ನೊಂದು ನೋವು. ಎರಡನೆಯದು, ಇಡೀ ಸಿನಿಮಾ ಹಾಕುವುದಿಲ್ಲ. ಇಡೀ ಸಿನಿಮಾ ಹಾಕಿದರೆ ಕೊನೆಯಲ್ಲಿ ಎಲ್ಲ ಸರಿಹೋಗುತ್ತದೆ, ನಾವು ಹಗುರಾಗಿ ಮನೆಗೆ ಹೋಗುತ್ತೇವೆ.

ಅಲ್ಲಿಯವರೆಗೆ ತೋರಿಸಿದ್ದನ್ನು ಮನೆಯಲ್ಲಿ ಒಬ್ಬಳೇ ಕೂತು ಮತ್ತೆ ನೋಡಿದೆ. ‘ಗ್ರೀನ್ ಬುಕ್’ ಶುರುವಿನಲ್ಲೇ ಒಂದು ಚಿಕ್ಕ ಸೀನು ಇದೆ. ಟೋನಿಯ ಅಡುಗೆಮನೆಯ ನೆಲ ರಿಪೇರಿಗೆ ಇಬ್ಬರು ಕಪ್ಪು ಕೆಲಸಗಾರರು ಬಂದಿರುತ್ತಾರೆ. ಹೆಂಡತಿ ಡೊಲೊರೆಸ್ ಅವರಿಗೆ ಕುಡಿಯಲು ಕೊಡುತ್ತಾಳೆ. ಅವರು ಕುಡಿದು ಲೋಟ ಸಿಂಕಿನಲ್ಲಿ ಇಟ್ಟು ಹೋಗುತ್ತಾರೆ. ಟೋನಿ ಆ ಎರಡು ಗಾಜಿನ ಲೋಟಗಳನ್ನು ಬೆರಳ ತುದಿಯಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕುತ್ತಾನೆ. ಆಮೇಲೆ ಡೊಲೊರೆಸ್ ಅದನ್ನು ಬುಟ್ಟಿಯಲ್ಲಿ ನೋಡಿ, ಹೊರಗೆ ತೆಗೆದಿಡುತ್ತಾಳೆ. ಅಷ್ಟೇ. ಬೈಗುಳ ಇಲ್ಲ, ಹೊಡೆದಾಟ ಇಲ್ಲ.

ಮೊದಲ ತಿಂಗಳ ಮಾತುಕತೆಯಲ್ಲಿ ಈ ಸೀನನ್ನು ಯಾರೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಎಲ್ಲರೂ ಪೊಲೀಸರ ಬಗ್ಗೆ, ಹೋಟೆಲಿನವರ ಬಗ್ಗೆ ಮಾತಾಡಿದ್ದೆವು. ತಾರತಮ್ಯವನ್ನು ಸಿನಿಮಾ ಒಬ್ಬ ಕೆಟ್ಟವನ ಮುಖದಲ್ಲಿ ತೋರಿಸಿದರೆ ನಮಗೆ ಅದು ಕೂಡಲೇ ಕಾಣುತ್ತದೆ. ಮನೆಯ ಸಿಂಕಿನ ಹತ್ತಿರ, ಒಳ್ಳೆಯ ಗಂಡನ ಕೈಯಲ್ಲಿ ತೋರಿಸಿದರೆ ಕಾಣುವುದೇ ಇಲ್ಲ.

ನಾಲ್ಕನೆಯ ತಿಂಗಳ ಶನಿವಾರ ಈ ತುಣುಕನ್ನು ಮಾತ್ರ ಹಾಕಿದೆ. ಮೂರು ಸಲ. ‘ನಿಮಗೆ ಏನನ್ನಿಸಿತು’ ಅಂತ ಕೇಳಲಿಲ್ಲ. ‘ಈ ಅಡುಗೆಮನೆಯಲ್ಲಿ ಯಾರ್ಯಾರು ಇದ್ದಾರೆ? ಯಾರು ಏನು ನೋಡಿದರು? ನೋಡಿದವರು ಏನು ಮಾಡಿದರು?’ ಅಂತ ಕೇಳಿದೆ. ಮೊದಲು ಮಾತು ಹೊರಡಲಿಲ್ಲ. ಆಮೇಲೆ ಒಬ್ಬ ಕಾಲೇಜು ಹುಡುಗ ಹೇಳಿದ, ‘ಡೊಲೊರೆಸ್ ಲೋಟ ತೆಗೆದಿಟ್ಟಳು. ಆದರೆ ಗಂಡನಿಗೆ ಏನೂ ಹೇಳಲಿಲ್ಲ.’ ಅದು ನೇರ ನನಗೇ ತಗುಲಿತು. ಗ್ರೂಪಿನಲ್ಲಿ ಸುಮ್ಮನಿದ್ದ ನನಗೆ.

ಆಗ ಮುಂದಿನ ಸಾಲಿನಿಂದ ಒಬ್ಬರು ಅಜ್ಜಿ ಮಾತಾಡಿದರು. ಎಪ್ಪತ್ತು ದಾಟಿದವರು, ಹಾಸನದ ಕಡೆಯ ಹಳ್ಳಿಯವರು. ಯಾವತ್ತೂ ಬಾಯಿ ಬಿಟ್ಟವರಲ್ಲ. ‘ನಮ್ಮ ಮನೇಲಿ ಲೋಟ ಕಸಕ್ಕೆ ಹಾಕ್ತಿರ್ಲಿಲ್ಲ ಕಣಮ್ಮ. ಲೋಟಾನೇ ಕೊಡ್ತಿರ್ಲಿಲ್ಲ. ಕೊಟ್ಟಿಗೆ ಗೋಡೆ ಮೇಲೆ ತೆಂಗಿನ ಕರಟ ಇರೋದು. ಆಳುಗಳು ಅದನ್ನ ತೊಳ್ಕೊಂಡು ಹಿಡಿಯೋರು. ನಾವು ಮೇಲಿಂದ ಕಾಫಿ ಹುಯ್ಯೋದು.’ ಸ್ವಲ್ಪ ಸುಮ್ಮನಿದ್ದು ಹೇಳಿದರು, ‘ನಾವು ಅಂದ್ರೆ ಯಾರು? ನಾನೇ. ನನಗೆ ಹತ್ತು ವರ್ಷ ಆಗ. ಒಂದು ಸಲ ಕೈ ತಪ್ಪಿ ಬಿಸಿ ಕಾಫಿ ಅವರ ಕೈ ಮೇಲೆ ಬಿತ್ತು. ಅವರು ಕೈ ಹಿಂದಕ್ಕೆ ತಗೊಳ್ಲಿಲ್ಲ. ತಗೊಂಡ್ರೆ ಕರಟ ಬೀಳುತ್ತಲ್ಲ.’

ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು.

ಇಡೀ ಪ್ರಕರಣದ ತಿರುವು ಇದು. ಇದನ್ನು ನಾನು ಯೋಜಿಸಿರಲಿಲ್ಲ. ಸೀನು ಚಿಕ್ಕದಾಗಿತ್ತು, ಅಡುಗೆಮನೆಯದ್ದಾಗಿತ್ತು, ಅದಕ್ಕೇ ಅಜ್ಜಿಯ ಅಡುಗೆಮನೆಗೆ ದಾರಿ ಸಿಕ್ಕಿತು ಅಂತ ನನ್ನ ನಂಬಿಕೆ. ಒಬ್ಬರು ಬೇಡ ಅಂದರು, ‘ಜಾತಿ ಬೇರೆ, ಜನಾಂಗ ಬೇರೆ, ಎರಡನ್ನೂ ಕಲಸಬೇಡಿ.’ ಅವರ ಮಾತಿನಲ್ಲಿ ಸತ್ಯ ಇದೆ. ಎರಡಕ್ಕೂ ಬೇರೆಬೇರೆ ಚರಿತ್ರೆ, ಬೇರೆಬೇರೆ ಕಾನೂನು. ಆದರೆ ಲೋಟವನ್ನು ಬೆರಳ ತುದಿಯಲ್ಲಿ ಎತ್ತುವ ಕೈಯನ್ನು ಅಜ್ಜಿ ಗುರುತು ಹಿಡಿದಿದ್ದರು. ಅದನ್ನು ಅಲ್ಲಗಳೆಯಲು ಯಾರಿಗೂ ಆಗಲಿಲ್ಲ.

ಅವತ್ತೇ ಇನ್ನೊಂದು ಆಯಿತು. ಕಾಫಿ ಲೋಟ ತೊಳೆಯಲು ಒಳಗೆ ಹೋದ ಒಬ್ಬ ಹೆಂಗಸು ಒಂದು ಸ್ಟೀಲ್ ಲೋಟ ಹಿಡಿದು ಬಂದರು. ತಳದಲ್ಲಿ ಕೆಂಪು ನೇಲ್ ಪಾಲಿಶಿನ ಚುಕ್ಕೆ. ಸಿಂಕಿನ ಕಿಟಕಿ ಮೇಲೆ ಬೇರೆಯಾಗಿ ಇರುತ್ತಿದ್ದ ಲೋಟ. ನಮಗೆಲ್ಲ ಕಾಫಿ ಮಾಡಿಕೊಡುವವರು ಕುಡಿಯುವುದು ಅದರಲ್ಲಿ. ಎರಡು ವರ್ಷದಿಂದ ನಾನು ಆ ಅಡುಗೆಮನೆಗೆ ಹೋಗಿ ಬರುತ್ತಿದ್ದೇನೆ. ಆ ಚುಕ್ಕೆ ನೋಡಿದ್ದೆ. ನೋಡಿಯೂ ಅದೇನು ಅಂತ ಕೇಳಿಕೊಂಡಿರಲಿಲ್ಲ.

ಇನ್ನೊಂದು ತುಣುಕಿನ ವಿಷಯವನ್ನೂ ಆವತ್ತು ಹೇಳಿದೆ. ‘ಹಿಡನ್ ಫಿಗರ್ಸ್’ನಲ್ಲಿ ಹಾರೆಯಿಂದ ಬೋರ್ಡ್ ಒಡೆಯುವ ಸೀನು ನಿಜವಾಗಿ ನಡೆದದ್ದಲ್ಲ. ಆ ಅಧಿಕಾರಿಯೂ ಕಲ್ಪನೆಯ ಪಾತ್ರ. ಸಿನಿಮಾದ ನಾಯಕಿ, ನಿಜದ ಕ್ಯಾಥರೀನ್ ಜಾನ್ಸನ್, ಬೋರ್ಡಿಲ್ಲದ, ಬಿಳಿಯರ ಶೌಚಾಲಯವನ್ನೇ ವರ್ಷಗಟ್ಟಲೆ ಬಳಸಿದರು, ಕೇಳಿದಾಗಲೂ ಬದಲಾಯಿಸಲಿಲ್ಲ. ಅವರಿಗೂ ಮುಂಚೆ, 1940ರ ದಶಕದಲ್ಲಿ, ಅವರು ಕೆಲಸ ಮಾಡಿದ ಅದೇ ಲ್ಯಾಂಗ್ಲಿ ಕೇಂದ್ರದ ಕ್ಯಾಂಟೀನಿನಲ್ಲಿ ಕಪ್ಪು ಹೆಂಗಸರ ಟೇಬಲಿನ ಮೇಲೆ ಒಂದು ರಟ್ಟಿನ ಬೋರ್ಡ್ ಇಡುತ್ತಿದ್ದರು. ಮಿರಿಯಂ ಮ್ಯಾನ್ ಅನ್ನುವವರು ಅದನ್ನು ಎತ್ತಿ ತಮ್ಮ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದರು. ಮತ್ತೆ ಇಟ್ಟರೆ ಮತ್ತೆ ಎತ್ತುತ್ತಿದ್ದರು. ಕೊನೆಗೆ ಬೋರ್ಡ್ ಇಡುವುದೇ ನಿಂತಿತು. ಸಿನಿಮಾಕ್ಕೆ ಹಾರೆ ಬೇಕಾಯಿತು, ಬಿಳಿಯ ಅಧಿಕಾರಿಯ ಕೈ ಬೇಕಾಯಿತು. ವ್ಯಾನಿಟಿ ಬ್ಯಾಗಿನ ಕಥೆ ಪರದೆಗೆ ಬರಲಿಲ್ಲ. ‘ಗ್ರೀನ್ ಬುಕ್’ನಲ್ಲೂ ಹಾಗೇ. ಅದರ ಕಥೆ ಬರೆದವರಲ್ಲಿ ಟೋನಿಯ ಮಗ ಒಬ್ಬ. ತಮ್ಮನ್ನು ಕೇಳಲೇ ಇಲ್ಲ ಅಂತ ಶರ್ಲಿಯ ಮನೆಯವರು ಬಹಿರಂಗವಾಗಿ ಬೇಸರ ಹೇಳಿಕೊಂಡರು. ಕ್ಯಾಮೆರಾ ಯಾರ ಪಕ್ಕ ಕೂತಿದೆಯೋ ಅವರ ಮನಸ್ಸು ಬದಲಾಗುವುದೇ ದೊಡ್ಡ ಕಥೆ ಆಗಿಬಿಡುತ್ತದೆ.

ಗೋಡೆ ಮೇಲಿನ ಫೋಟೋಗಳು

ಮಾತು ಹಳ್ಳಿಯ ಕೊಟ್ಟಿಗೆಗೆ ಹೋಗಿ ಅಲ್ಲೇ ಉಳಿದುಬಿಡುವ ಅಪಾಯ ಇತ್ತು. ಅರವತ್ತು ವರ್ಷ ಹಿಂದಿನ ತಪ್ಪನ್ನು ಒಪ್ಪಿಕೊಳ್ಳುವುದು ಕಳೆದ ತಿಂಗಳ ಮೆಸೇಜನ್ನು ಒಪ್ಪಿಕೊಳ್ಳುವುದಕ್ಕಿಂತ ಸುಲಭ. ಅದಕ್ಕೆ ಐದನೆಯ ತಿಂಗಳು ಸ್ಪೈಕ್ ಲೀ ಅವರ ‘ಡು ದ ರೈಟ್ ಥಿಂಗ್’ ತಗೊಂಡೆ. 1989ರದ್ದು. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಬೀದಿ, ಬೇಸಿಗೆಯ ಒಂದೇ ದಿನ. ಇಟಲಿ ಮೂಲದ ಸಾಲ್ ನಡೆಸುವ ಪಿಜ್ಜಾ ಅಂಗಡಿ. ತಿನ್ನಲು ಬರುವವರು ಬಹುತೇಕ ಕಪ್ಪು ಜನ, ಗೋಡೆ ಮೇಲಿನ ಫೋಟೋ ಎಲ್ಲ ಇಟಲಿ ಮೂಲದವರದ್ದು. ನಮ್ಮವರ ಫೋಟೋನೂ ಹಾಕಿ ಅಂತ ಒಬ್ಬ ಕೇಳುತ್ತಾನೆ. ಅಷ್ಟು ಸಣ್ಣ ಮಾತು ಬೆಳೆದು, ರಾತ್ರಿಯ ಹೊತ್ತಿಗೆ ಪೊಲೀಸರ ಕೈಯಲ್ಲಿ ಒಬ್ಬ ಹುಡುಗ ಉಸಿರುಗಟ್ಟಿ ಸಾಯುತ್ತಾನೆ. ಆ ವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು ‘ಡ್ರೈವಿಂಗ್ ಮಿಸ್ ಡೇಸಿ’. ಬಿಳಿಯ ಅಜ್ಜಿ ಮತ್ತು ಅವರ ಕಪ್ಪು ಡ್ರೈವರ್ ನಿಧಾನಕ್ಕೆ ಗೆಳೆಯರಾಗುವ ಕಥೆ. ಲೀ ಸಿನಿಮಾ ಆ ಪಟ್ಟಿಯಲ್ಲೇ ಇರಲಿಲ್ಲ.

ನಾವು ತೋರಿಸಿದ್ದು ಒಂದೇ ತುಣುಕು. ಸಾಲ್‌ನ ದೊಡ್ಡ ಮಗ ಪಿನೋ ಕಪ್ಪು ಜನರನ್ನು ಬೈಯುತ್ತಲೇ ಇರುತ್ತಾನೆ. ಅಂಗಡಿಯ ಕೆಲಸದ ಹುಡುಗ ಮೂಕಿ ಅವನನ್ನು ಕರೆದು ಕೇಳುತ್ತಾನೆ, ನಿನ್ನ ಮೆಚ್ಚಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾರು? ಮ್ಯಾಜಿಕ್ ಜಾನ್ಸನ್. ಸಿನಿಮಾ ನಟ? ಎಡ್ಡಿ ಮರ್ಫಿ. ಎಲ್ಲರೂ ಕಪ್ಪು ಜನವೇ. ಪಿನೋ ತಡವರಿಸುತ್ತಾನೆ. ಅವರು ಬೇರೆ, ಅವರು ನಿಜಕ್ಕೂ ಕಪ್ಪು ಜನ ಅಲ್ಲ ಅನ್ನುವ ಅರ್ಥದಲ್ಲಿ ಏನೋ ಹೇಳುತ್ತಾನೆ.

ಇಲ್ಲಿ ಜೆರಾಕ್ಸ್ ಹಾಳೆಯ ವಿಷಯ ಹೇಳಬೇಕು. ಮೊದಲ ತಿಂಗಳುಗಳಲ್ಲಿ ನಾನು ಬೈಗುಳಗಳನ್ನೆಲ್ಲ ಮೆತ್ತಗೆ ಮಾಡಿ ‘ಕಪ್ಪು ಜನ’ ಅಂತ ಬರೆದುಬಿಟ್ಟಿದ್ದೆ. ಹಿರಿಯರು ಓದುತ್ತಾರೆ, ಕೆಟ್ಟ ಮಾತು ಯಾಕೆ ಅಂತ. ಅದನ್ನು ತೋರಿಸಿಕೊಟ್ಟದ್ದೂ ಆ ಕಾಲೇಜು ಹುಡುಗನೇ. ‘ಆಂಟಿ, ನಿಮ್ಮ ಹಾಳೆಯಲ್ಲಿ ಯಾರೂ ಯಾರನ್ನೂ ಬೈತಾನೇ ಇಲ್ಲ.’ ಈ ಸಲ ಬೈಗುಳ ಬಂದ ಕಡೆ ಖಾಲಿ ಜಾಗ ಬಿಟ್ಟೆ. ‘ಇದಕ್ಕೆ ನಮ್ಮಲ್ಲಿ ಯಾವ ಮಾತು ಇದೆ, ಮನಸ್ಸಿನಲ್ಲೇ ತುಂಬಿಸಿಕೊಳ್ಳಿ’ ಅಂದೆ. ಒಬ್ಬರು ‘ಕರಿಯ’ ಅಂದರು. ಕೂಡಲೇ ಚರ್ಚೆ. ಕರಿಯ ಅಂತ ಪ್ರೀತಿಯಿಂದಲೂ ಕರೆಯುತ್ತೇವೆ, ಮಗನಿಗೆ ಹೆಸರಿಡುತ್ತೇವೆ, ಅದು ಬೈಗುಳ ಹೇಗಾಗುತ್ತದೆ? ಅಜ್ಜಿ ಅಂದರು, ‘ಅಮ್ಮ ಕರೆದರೆ ಪ್ರೀತಿ. ಬೀದೀಲಿ ಹೋಗೋನು ಕರೆದರೆ?’ ಆಮೇಲೆ ಹಿಂದಿನಿಂದ ಯಾರೋ ತಗ್ಗಿದ ದನಿಯಲ್ಲಿ ‘ಚಿಂಕಿ’ ಅಂದರು. ಗ್ರೂಪಿನಲ್ಲಿ ಬಂದ ಪದ. ಎಲ್ಲರಿಗೂ ಗೊತ್ತಿತ್ತು, ಅದು ಎಲ್ಲಿಂದ ಬಂತು ಅಂತ.

ಪಿನೋ ತುಣುಕು ಮುಗಿದಾಗ ಬ್ಯಾಂಕಿನ ಸರ್, ‘ಇನ್ನೊಂದು ಸಲ ಹಾಕ್ತೀನಿ’ ಅಂದರು. ಹಾಕಿದರು. ಆಮೇಲೆ ಅವರೇ ಒಂದು ನೆನಪು ಹೇಳಿದರು. 1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಪಂದ್ಯ. ವೆಸ್ಟ್ ಇಂಡೀಸ್ ಬಂದಿತ್ತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಇವರಿನ್ನೂ ಹುಡುಗ, ಅಪ್ಪನ ಜೊತೆ ಹೋಗಿದ್ದರು. ಆಮೇಲೆ ರಿಚರ್ಡ್ಸ್ ಫೋಟೋ ಎಷ್ಟೋ ವರ್ಷ ಇವರ ಮಂಚದ ಮೇಲಿನ ಗೋಡೆಯಲ್ಲಿತ್ತು. ‘ಅವನು ಕಪ್ಪು ಅಂತ ನನಗೆ ಯಾವತ್ತೂ ಅನ್ನಿಸಲೇ ಇಲ್ಲ’ ಅಂದರು. ಅಷ್ಟು ಹೇಳಿ ನಿಂತುಬಿಟ್ಟರು. ಪಿನೋ ಹೇಳಿದ್ದೂ ಅದೇ ಅಂತ ಯಾರೂ ಎತ್ತಿ ಆಡಲಿಲ್ಲ. ಆಡಬಾರದು ಅಂತ ನನಗೂ ಅನ್ನಿಸಿತು.

ಆ ಮೌನ ತುಂಬಲು ಇನ್ನೊಬ್ಬರು ತಮ್ಮದು ಹೇಳಿದರು. ಪಾರ್ಸೆಲ್ ತಂದ ಹುಡುಗನನ್ನು ಆಫ್ರಿಕಾದವನು ಅಂದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸಿದರಂತೆ. ‘ಸರ್, ನಮ್ಮೂರು ಯಲ್ಲಾಪುರ’ ಅಂತ ಅವನು ಕನ್ನಡದಲ್ಲಿ ಹೇಳಿದನಂತೆ. ಸಿದ್ದಿ ಹುಡುಗ. ನೂರಾರು ವರ್ಷದ ಹಿಂದೆ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು, ಅವರ ಮಕ್ಕಳು ಮೊಮ್ಮಕ್ಕಳು ಇವರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಹೋದರು. ಆದರೂ ಬೆಂಗಳೂರಿನ ಬಾಗಿಲಲ್ಲಿ ಅವರಿಗೆ ಯಾವ ದೇಶ ಅನ್ನುವ ಪ್ರಶ್ನೆ ತಪ್ಪಿಲ್ಲ. ಹಾಗೆ ಮುಖ ನೋಡಿ ದೇಶ ಕಟ್ಟುವುದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ.

ಆಮೇಲೆ

ಆರನೆಯ ತಿಂಗಳಿಗೆ ಮುಂಚೆ ಅಸೋಸಿಯೇಷನ್ ಸಭೆ ಇತ್ತು. ಆ ಕರಡು ನಿಯಮ ಚರ್ಚೆಗೆ ಬಂತು. ಈ ಸಲ ನಾನು ಮಾತಾಡಿದೆ, ದನಿ ನಡುಗುತ್ತಿತ್ತು. ನನಗಿಂತ ಜಾಸ್ತಿ ಕೆಲಸ ಮಾಡಿದ್ದು ಬ್ಯಾಂಕಿನ ಸರ್ ಮಾತು. ತಾರತಮ್ಯ, ಜನಾಂಗ ಅಂತೆಲ್ಲ ಅವರು ಏನೂ ಹೇಳಲಿಲ್ಲ. ‘ಮೀನು ಎಲ್ಲರೂ ಮಾಡ್ತಾರೆ. ಈ ನಿಯಮ ಬೇಡ. ಮೊದಲು ಕಂಪ್ಲೇಂಟ್ ಹಾಕಿದವನು ನಾನು, ವಾಪಸ್ ತಗೋತೀನಿ’ ಅಂದರು. ಅಷ್ಟೇ. ನಿಯಮ ಬಿದ್ದುಹೋಯಿತು. ಅವರು ಹುಡುಗಿಯರ ಕ್ಷಮೆ ಕೇಳಿದರಾ ಅಂತ ಕೇಳುವವರಿಗೆ, ಇಲ್ಲ.

ಆರನೆಯ ಸಿನಿಮಾ ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’. ನಯವಾಗಿ ನಗುತ್ತಾ, ಹೊಗಳುತ್ತಾ, ಅತಿಥಿಯ ತೋಳು ಮುಟ್ಟಿ ನೋಡುವ ಬಿಳಿಯರ ಸಿನಿಮಾ. ಭಯದ ಸಿನಿಮಾ ಅಂತ ಹಿರಿಯರು ಬರಲಿಲ್ಲ. ಹನ್ನೆರಡು ಜನ ನೋಡಿದೆವು.

ಹುಡುಗಿಯರ 11 ತಿಂಗಳ ಅಗ್ರಿಮೆಂಟ್ ಮುಗಿಯಿತು. ಮಗ ಬರುತ್ತಾನೆ, ಮನೆ ಬೇಕು ಅಂದರು ಓನರ್. ಅವರು ಖಾಲಿ ಮಾಡಿದರು. ಮಗ ಬರಲಿಲ್ಲ. ಒಂದೂವರೆ ತಿಂಗಳಿಗೆ ಬೇರೆಯವರು ಬಾಡಿಗೆಗೆ ಬಂದರು. ನಿಯಮ ಬಿದ್ದುಹೋದರೂ ಆ ಮನೆ ಅವರಿಗೆ ಉಳಿಯಲಿಲ್ಲ. ಹಾಗಾಗಿ ಇದನ್ನು ಗೆದ್ದ ಕಥೆ ಅಂತ ನಾನು ಬರೆಯಲಾರೆ. ಲೋಟದ ಕೆಂಪು ಚುಕ್ಕೆಯನ್ನು ಯಾರೋ ಉಜ್ಜಿ ತೆಗೆದಿದ್ದಾರೆ. ಕಾಫಿ ಮಾಡಿಕೊಡುವವರು ಈಗ ನಮ್ಮ ಲೋಟದಲ್ಲೇ ಕುಡಿಯುತ್ತಾರೆ. ಕೂತು ಕುಡಿಯಿರಿ ಅಂದರೆ ‘ಇರಲಿ ಅಮ್ಮ’ ಅಂತ ಸಿಂಕಿನ ಹತ್ತಿರವೇ ನಿಲ್ಲುತ್ತಾರೆ.

ಇನ್ನೊಂದು ಸಲ ಇಂಥ ಕೂಟ ನಡೆಸಿದರೆ ನಾನು ಶುರುಮಾಡುವುದು ಚಿಕ್ಕ ಸೀನಿನಿಂದ. ದೊಡ್ಡ ಅನ್ಯಾಯದ ಸಿನಿಮಾ ನಮ್ಮನ್ನು ಪ್ರೇಕ್ಷಕರಾಗಿಯೇ ಉಳಿಸುತ್ತದೆ, ಲೋಟದ ಸೀನು ಅಡುಗೆಮನೆಗೆ ಕರೆಯುತ್ತದೆ. ಸಿನಿಮಾ ನನ್ನ ಪರವಾಗಿ ಮಾತಾಡುತ್ತದೆ ಅಂತ ಕಾಯುವುದೂ ಇಲ್ಲ. ಆ ಭಾನುವಾರ ಗ್ರೂಪಿನಲ್ಲಿ ಒಂದು ಸಾಲು ಬರೆದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಆ ಮೂರು ತಿಂಗಳಲ್ಲಿ ಓನರ್ ಮನಸ್ಸಿನಲ್ಲಿ ಏನು ಬಲಿಯಿತೋ ಅದನ್ನು ಆಮೇಲೆ ಯಾವ ಸಭೆಗೂ ತಿದ್ದಲು ಆಗಲಿಲ್ಲ.

ಇದನ್ನು ಬರೆಯುವ ಮುಂಚೆ ನರ್ಸ್ ಹುಡುಗಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ಈಗ ಊರಿನ ಇನ್ನೊಂದು ಕಡೆ ಇದ್ದಾಳೆ. ಬರೆದದ್ದನ್ನು ಪೂರ್ತಿ ಓದಿ ಹೇಳಿದೆ. ಮಹಡಿ ಯಾವುದು ಅಂತ ಹಾಕಬೇಡಿ, ಸಾರಿನ ಹೆಸರು ಹಾಕಬೇಡಿ ಅಂದಳು. ಆಮೇಲೆ, ‘ವಾಸನೆ ವಿಷಯ ಅಷ್ಟು ದೊಡ್ಡದಲ್ಲ ಅಕ್ಕ. ಲಿಫ್ಟ್ ಬಗ್ಗೆ ಬರೀರಿ’ ಅಂದಳು. ಯಾವ ಲಿಫ್ಟ್ ಅಂತ ಕೇಳಿದೆ. ಅವರಿಬ್ಬರು ಒಳಗಿದ್ದರೆ, ಬಾಗಿಲು ತೆಗೆದಾಗ ಹೊರಗೆ ನಿಂತವರು ‘ನೀವು ಹೋಗಿ, ನಾವು ಆಮೇಲೆ ಬರ್ತೀವಿ’ ಅನ್ನುತ್ತಿದ್ದರಂತೆ. ನಗುತ್ತಲೇ. ಎರಡು ವರ್ಷ. ಕೆಲವು ಸಲ ಜಾಗ ಸಾಲದೆ ಇರಬಹುದು ಅಂತ ಅವಳು ಮೂಲೆಗೆ ಒತ್ತಿಕೊಂಡು ನಿಂತು ತೋರಿಸುತ್ತಿದ್ದಳಂತೆ. ಆಗಲೂ ಬರುತ್ತಿರಲಿಲ್ಲ.

ನಾನು ಎಷ್ಟು ಸಲ ಹಾಗೆ ಅಂದಿದ್ದೆ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಒಂದು ಸಲ’ ಅಂದಳು.